ಪುಟ್ಟ ಮನೆಯ ಹಲಗೆ ಗೋಡೆ ಮತ್ತು ನೀರಿನ ಲೆಕ್ಕ

1845ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ವಾಲ್ಡನ್ ಕೊಳದ ಬದಿಯಲ್ಲಿ ಲೇಖಕ ಹೆನ್ರಿ ಡೇವಿಡ್ ಥೋರೋ 10 ಅಡಿ ಅಗಲ, 15 ಅಡಿ ಉದ್ದದ ಮನೆಯೊಂದನ್ನು 28 ಡಾಲರ್ ಚಿಲ್ಲರೆಗೆ ಕಟ್ಟಿಕೊಂಡನು. ರೈಲುಹಾದಿಯ ಕೆಲಸಗಾರನೊಬ್ಬನ ಗುಡಿಸಲನ್ನು 4 ಡಾಲರ್ 25 ಸೆಂಟಿಗೆ ಕೊಂಡು, ಮೊಳೆ ಕಿತ್ತು, ಹಲಗೆಗಳನ್ನು ಕೊಳದ ಬಳಿಗೆ ಸಾಗಿಸಿ, ಡೊಂಕಾದವು ಮರಳಿ ನೆಟ್ಟಗಾಗಲೆಂದು ಹುಲ್ಲಿನ ಮೇಲೆ ಬಿಸಿಲಿಗೆ ಹರವಿದನು. ಪುಟ್ಟ ಮನೆಯ ಅಭಿಮಾನಿಗಳೆಲ್ಲ ಆ 28 ಡಾಲರನ್ನು ನೆನೆಯುತ್ತಾರೆ. ನನಗಾದರೋ ಹಲಗೆ ಹರವಿದ ಸಂಗತಿಯೇ ಹೆಚ್ಚು ಮುಖ್ಯವಾಗಿ ಕಾಣುತ್ತದೆ, ಏಕೆಂದರೆ ಅಗ್ಗದ ಮರದಿಂದ ಒಳಗೋಡೆ ಹೊದಿಸುವವರು ಮರೆಯುವ ವಿಜ್ಞಾನವೆಲ್ಲ ಅದರಲ್ಲಿದೆ.

ಚೆನ್ನಾಗಿ ಒಣಗಿದ ಮರ ಇನ್ನು ಅಲುಗುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಜಡಿಮಳೆ ಹಿಡಿದಾಗ ಅಜ್ಜನ ಕಾಲದ ತೇಗದ ಬಾಗಿಲೂ ಚೌಕಟ್ಟಿಗೆ ಬಿಗಿಯಾಗುವುದನ್ನು ಪ್ರತಿವರ್ಷ ಕಂಡರೂ ಆ ನಂಬಿಕೆ ಸಡಿಲವಾಗಿಲ್ಲ. ಮರದ ಜೀವಕೋಶಗಳ ಗೋಡೆಗಳಲ್ಲಿರುವ ಸೆಲ್ಯುಲೋಸ್ ಮತ್ತು ಹೆಮಿಸೆಲ್ಯುಲೋಸ್ ಅಣುಗಳು ನೀರಿನ ಅಣುಗಳನ್ನು ಹಿಡಿದುಕೊಳ್ಳುವ ಹೈಡ್ರಾಕ್ಸಿಲ್ ಗುಂಪುಗಳಿಂದ ತುಂಬಿವೆ. ಮರ ಕಡಿದು ನೂರು ವರ್ಷವಾದರೂ ಈ ಗುಣ ಹೋಗುವುದಿಲ್ಲ. ಗಾಳಿಯ ತೇವಾಂಶ ಏರಿದಾಗ ನೀರು ಆ ಗೋಡೆಗಳೊಳಗೆ ನುಗ್ಗಿ ಎಳೆಗಳನ್ನು ಒಂದರಿಂದೊಂದು ದೂರ ಸರಿಸುತ್ತದೆ. ನೆನೆದ ಹುಲ್ಲಿನ ಹೊರೆಯಲ್ಲಿ ಒಂದೊಂದು ಎಳೆಯೂ ಉದ್ದವಾಗದೆ ದಪ್ಪವಾಗಿ, ಹೊರೆಯ ಸುತ್ತಳತೆ ಮಾತ್ರ ಬೆಳೆಯುವ ಹಾಗೆ, ಹಲಗೆಯೂ ಅಡ್ಡಕ್ಕೆ ಹಿಗ್ಗುತ್ತದೆ. ಉದ್ದದಲ್ಲಿ ಆಗುವ ವ್ಯತ್ಯಾಸ ಲೆಕ್ಕಕ್ಕೆ ಬಾರದಷ್ಟು ಅಲ್ಪ. ಅಡ್ಡಕ್ಕೆ ಹಿಗ್ಗುವುದರಲ್ಲಿಯೂ ಭೇದವಿದೆ. ವಾರ್ಷಿಕ ಉಂಗುರಗಳ ಗುಂಟ ಆಗುವ ಹಿಗ್ಗು, ತಿರುಳಿನಿಂದ ತೊಗಟೆಯ ಕಡೆಗೆ ಆಗುವ ಹಿಗ್ಗಿನ ಸುಮಾರು ಎರಡರಷ್ಟಿರುತ್ತದೆ.

ಸಕಲೇಶಪುರದ ಕಡೆಯ ತೋಟವೊಂದರಲ್ಲಿ ಥೋರೋನ ಅಳತೆಯದೇ ಮನೆ ಕಟ್ಟುತ್ತೇವೆಂದುಕೊಳ್ಳೋಣ. ಗಾಳಿಯ ಸಾಪೇಕ್ಷ ತೇವಾಂಶ (ಅದು ಪೂರ್ತಿ ಹಿಡಿಯಬಲ್ಲ ನೀರಾವಿಯಲ್ಲಿ ಈಗಿರುವ ಪಾಲು) ಶೇ. 40 ಇರುವಾಗ ಮರದಲ್ಲಿ ಅದರ ಒಣತೂಕದ ಶೇ. 8ರಷ್ಟು ನೀರು ನೆಲೆಸುತ್ತದೆ, ಶೇ. 85 ಇರುವಾಗ ಶೇ. 18ರಷ್ಟು. ಸಾಧಾರಣ ಪೈನ್ ಹಲಗೆ ತನ್ನೊಳಗಿನ ನೀರಿನ ಪ್ರತಿ ಶೇ. 1ರ ಏರಿಕೆಗೆ ಅಗಲದಲ್ಲಿ ಶೇ. 0.2ರಷ್ಟು ಹಿಗ್ಗುವುದರಿಂದ, ಬೇಸಿಗೆಯಲ್ಲಿ 100 ಮಿ.ಮೀ. ಇದ್ದ ಹಲಗೆ ಮಳೆಗಾಲಕ್ಕೆ 102 ಮಿ.ಮೀ. ಆಗುತ್ತದೆ. ಎರಡು ಮಿಲಿಮೀಟರ್ ಏನು ಮಹಾ ಎನ್ನಬೇಡಿ: 15 ಅಡಿಯ ಗೋಡೆಗೆ ಇಂಥ 45 ಹಲಗೆಗಳನ್ನು ನಿಲುವಾಗಿ ಒತ್ತೊತ್ತಿಗೆ ಜೋಡಿಸಿದರೆ ಒಟ್ಟು ಹಿಗ್ಗು 90 ಮಿ.ಮೀ., ಅಂದರೆ ಮೂರೂವರೆ ಇಂಚು. ಜಾಗ ಸಿಗದ ಗೋಡೆ ಉಬ್ಬಿ ಚೌಕಟ್ಟಿನಿಂದ ಕಿತ್ತುಬರುತ್ತದೆ. ಹಲಗೆಯ ಎರಡೂ ಅಂಚಿಗೆ ಮೊಳೆ ಹೊಡೆದು ಮಿಸುಕದಂತೆ ಮಾಡಿದರೆ ಬೇಸಿಗೆಯಲ್ಲಿ ಅದು ನಡುವೆ ಸೀಳುತ್ತದೆ. ಅಂಚಿನ ನಾಲಿಗೆ ಪಕ್ಕದ ಹಲಗೆಯ ತೋಡಿನಲ್ಲಿ ಕೂರುವ ಟಂಗ್ ಅಂಡ್ ಗ್ರೂವ್ ಜೋಡಣೆಯ ಜಾಣತನ ಇಲ್ಲಿದೆ. ಪ್ರತಿ ಹಲಗೆಗೆ ಒಂದೇ ಅಂಚಿನಲ್ಲಿ ಮೊಳೆ ಹೊಡೆದರೆ ಇನ್ನೊಂದು ಅಂಚು ಪಕ್ಕದ ಹಲಗೆಯ ಹಿಡಿತದಲ್ಲಿ ಸರಾಗವಾಗಿ ಸರಿದಾಡುತ್ತದೆ. ಬೇಸಿಗೆಯಲ್ಲಿ ಕೂರಿಸುವುದಾದರೆ ನಡುನಡುವೆ 2 ಮಿ.ಮೀ. ಬಿಡಬೇಕು, ಮಳೆಗಾಲದಲ್ಲಾದರೆ ಒತ್ತಿ ಕೂರಿಸಬೇಕು.

ಪಾಲಿಶ್ ಹೊಡೆದರೆ ತೇವ ಒಳಹೋಗದು ಎಂಬುದು ಇನ್ನೊಂದು ಭ್ರಮೆ. ವಾರ್ನಿಶ್ ತೇವದ ವೇಗವನ್ನು ಕುಗ್ಗಿಸುತ್ತದೆಯೇ ಹೊರತು ದಾರಿಯನ್ನು ಮುಚ್ಚುವುದಿಲ್ಲ. ಕಾಣುವ ಮುಖಕ್ಕೆ ಮಾತ್ರ ಬಳಿದರೆ ಬರಿಯ ಬೆನ್ನು ಬೇಗ ತೇವ ಹೀರಿ ಹಲಗೆ ದೋಣಿಯಾಗುತ್ತದೆ. ಹಾಗಾಗಿ ಗೋಡೆಗೆ ಏರಿಸುವ ಮೊದಲೇ ಎರಡೂ ಮುಖಕ್ಕೆ ಬಳಿಯಬೇಕು.

ಮರದ ಈ ನೀರಿನ ಹಸಿವು ಪುಟ್ಟ ಮನೆಗೆ ದೊಡ್ಡ ವರವೂ ಹೌದು, ಮತ್ತು ನನಗೆ ಅತ್ಯಂತ ಪ್ರಿಯವಾದ ಲೆಕ್ಕ ಇದೇ. 8 ಅಡಿ ಎತ್ತರದ ನಮ್ಮ ಮನೆಯೊಳಗೆ 34 ಘನ ಮೀಟರ್ ಗಾಳಿ ಇದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಪೂರ್ತಿ ಹಿಡಿಯಬಲ್ಲ ನೀರಾವಿ ಸುಮಾರು 800 ಗ್ರಾಂ. ಮಲಗಿದ ಮನುಷ್ಯ ಗಂಟೆಗೆ ಸುಮಾರು 40 ಗ್ರಾಂ ನೀರಾವಿಯನ್ನು ಉಸಿರು ಮತ್ತು ಚರ್ಮದ ಮೂಲಕ ಹೊರಹಾಕುತ್ತಾನೆ. ಕಿಟಕಿ ಮುಚ್ಚಿ ಇಬ್ಬರು ಮಲಗಿದರೆ, ಶೇ. 60 ತೇವಾಂಶದಲ್ಲಿದ್ದ ಗಾಳಿ ನಾಲ್ಕು ಗಂಟೆಯಲ್ಲಿ ತುಂಬಿ ಹೋಗಿ ಗಾಜಿನ ಮೇಲೆ ನೀರಿಳಿಯಬೇಕು. ಆದರೆ 12 ಮಿ.ಮೀ. ದಪ್ಪದ ಹೊದಿಕೆ ನಾಲ್ಕೂ ಗೋಡೆಗೆ ಸೇರಿ ಸುಮಾರು 190 ಕಿಲೋ ತೂಗುತ್ತದೆ. ಅದರ ತೇವ ಶೇ. 1ರಷ್ಟು ಏರಬೇಕಾದರೆ ಎರಡು ಲೀಟರಿನ ಹತ್ತಿರ ನೀರು ಬೇಕು. ಒಂದು ರಾತ್ರಿಯಲ್ಲಿ ಸ್ಪಂದಿಸುವುದು ಮೇಲ್ಪದರದ ಒಂದೆರಡು ಮಿಲಿಮೀಟರ್ ಮಾತ್ರವೆಂಬುದು ನಿಜ. ಆದರೂ ಬಣ್ಣ ಬಳಿದ ಬರಿಯ ಸಿಮೆಂಟು ಗೋಡೆಗಿಂತ ಇದು ಎಷ್ಟೋ ಮೇಲು. ದಪ್ಪ ವಾರ್ನಿಶ್ ಬಳಿದರೆ ಈ ಲಾಭ ಬಹುಮಟ್ಟಿಗೆ ಹೋಗುತ್ತದೆ, ಆದ್ದರಿಂದ ತೆಳುವಾಗಿ ಎಣ್ಣೆ ಬಳಿಯುವುದೇ ನನ್ನ ಆಯ್ಕೆ.

ಅಮೆರಿಕದ ಚಳಿನಾಡಿನ ನಕ್ಷೆಗಳಲ್ಲಿ ಹಲಗೆಯ ಹಿಂದೆ, ಮನೆಯ ಒಳಮಗ್ಗುಲಿಗೆ ಪಾಲಿಥೀನ್ ಹಾಳೆ ಇರುತ್ತದೆ. ಅಲ್ಲಿ ಬೆಚ್ಚನೆಯ ತೇವ ಒಳಗಿನಿಂದ ಹೊರಕ್ಕೆ ಹರಿಯುವುದರಿಂದ ಅದು ಸರಿ. ಮಂಗಳೂರಿನಲ್ಲಿ ಏಸಿ ಹಾಕಿದ ಮನೆಗೆ ಅದನ್ನೇ ನಕಲು ಮಾಡಿದರೆ, ಹೊರಗಿನಿಂದ ಬಂದ ಆವಿ ತಣ್ಣಗಿನ ಹಾಳೆಗೆ ತಗುಲಿ ನೀರಾಗಿ ಚೌಕಟ್ಟನ್ನು ಕೊಳೆಸುತ್ತದೆ. ನಮ್ಮಲ್ಲಿ ಹಲಗೆಯ ಹಿಂದೆ ರೀಪು ಹೊಡೆದು 20 ಮಿ.ಮೀ.ಯಷ್ಟು ಗಾಳಿಯಾಡುವ ಜಾಗ ಬಿಡುವುದು ಲೇಸು.

ಮರದ ಆಯ್ಕೆಗೆ ಬರೋಣ. ಕಾಫಿ ತೋಟದ ನೆರಳಿಗೂ ಮೆಣಸಿನ ಬಳ್ಳಿಯ ಆಸರೆಗೂ ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್, ಇಳುವರಿ ಮುಗಿದ ರಬ್ಬರ್ ಮರ, ಪ್ಯಾಕಿಂಗ್ ಪೆಟ್ಟಿಗೆ ಬಿಚ್ಚಿದ ಪೈನ್, ಈ ಮೂರೂ ಅಗ್ಗ. ಅಮಾವಾಸ್ಯೆಯಲ್ಲಿ ಕಡಿದ ಮರಕ್ಕೆ ಹುಳು ಹತ್ತದೆಂದು ಪಂಚಾಂಗ ತೆರೆಯುವವರಿಗೆ ಒಂದು ಮಾತು: ರಬ್ಬರ್ ಮರವನ್ನು ಹಿಟ್ಟಾಗಿಸುವ ಕುಟ್ಟೆಹುಳು ಅರಸುವುದು ಮರದೊಳಗಿನ ಪಿಷ್ಟವನ್ನು, ಮತ್ತು ಅದಕ್ಕೆ ಪರೀಕ್ಷಿತ ಮದ್ದು ಬೋರಾಕ್ಸ್ ಹಾಗೂ ಬೋರಿಕ್ ಆಮ್ಲದ ದ್ರಾವಣ. ಮಳೆಗೆ ಸಿಕ್ಕರೆ ಈ ದ್ರಾವಣ ತೊಳೆದುಹೋಗುವುದರಿಂದ ಒಳಗೋಡೆಗೆ ಮಾತ್ರ ಅದು ತಕ್ಕುದು. ಪೆಟ್ಟಿಗೆಯ ಪೈನ್ ಕೊಳ್ಳುವಾಗ ಮುದ್ರೆಯನ್ನು ನೋಡಬೇಕು. ‘ಎಚ್‌ಟಿ’ ಎಂದಿದ್ದರೆ ಮರದ ಒಡಲು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾದಿದೆ ಎಂದರ್ಥ. ‘ಎಂಬಿ’ ಎಂದಿದ್ದರೆ ಮಿಥೈಲ್ ಬ್ರೋಮೈಡ್ ಎಂಬ ವಿಷಾನಿಲಕ್ಕೆ ಒಡ್ಡಲಾಗಿದೆ, ಅದನ್ನು ಮಲಗುವ ಕೋಣೆಗೆ ನಾನು ತರಲಾರೆ. ಕಾಯಿಸುವುದರಿಂದ ಆಗ ಒಳಗಿದ್ದ ಹುಳು ಸಾಯುತ್ತದೆ, ನಾಳೆ ಬರುವ ಗೆದ್ದಲಿಗೆ ತಡೆಯೇನೂ ಇರುವುದಿಲ್ಲ. ಆದಕಾರಣ ಹಲಗೆಯ ಬುಡ ನೆಲಕ್ಕೆ ತಾಗದಂತೆ ಬೆರಳಗಲ ಬಿಟ್ಟು, ಹಿಂದೆ ಮರೆಯಾಗುವ ರೀಪುಗಳಿಗೂ ಬೋರಾಕ್ಸ್ ದ್ರಾವಣವನ್ನು ಬಳಿದ ಮೇಲೆಯೇ ಮೊಳೆಗೆ ಕೈಹಾಕಬೇಕು.