ವಿಯೆನ್ನಾಗೆ ಮುಂಚೆ ಮಂಡಕ್ಕಿ ಭಟ್ಟಿ

ವಿದೇಶದಲ್ಲಿ ನಗರ ಅಧ್ಯಯನ ಓದಬೇಕು ಅಂತ ಬರುವ ಮಕ್ಕಳ ಅರ್ಜಿ ತಿದ್ದುವುದು ನನ್ನ ಕೆಲಸ. ಹೆಚ್ಚಿನವರ ಮೊದಲ ಸಾಲು ಒಂದೇ: ‘ಚಿಕ್ಕಂದಿನಿಂದಲೂ ನನಗೆ ದೊಡ್ಡ ಊರುಗಳೆಂದರೆ ಇಷ್ಟ.’ ಅದನ್ನು ಸುಮ್ನೆ ಹೊಡೆದುಹಾಕುತ್ತೇನೆ.

ಒಮ್ಮೆ ದಾವಣಗೆರೆಯವಳೇ ಒಬ್ಬ ಹುಡುಗಿ ಬಂದಳು. ‘ಫೋರ್ ಸಿಟೀಸ್’ ಕೋರ್ಸಿಗೆ ಅರ್ಜಿ ಹಾಕುವವಳು. 2 ವರ್ಷದ ಮಾಸ್ಟರ್ಸ್. ಯುರೋಪಿನ ಬ್ರಸೆಲ್ಸ್, ವಿಯೆನ್ನಾ, ಕೋಪನ್‌ಹೇಗನ್, ಮ್ಯಾಡ್ರಿಡ್ ನಾಲ್ಕೂ ಊರಲ್ಲಿದ್ದು ಓದಬೇಕು.

‘ಮೂರು ದಿನ ಮಂಡಕ್ಕಿ ಭಟ್ಟಿ ಹತ್ತಿರ ಕೂತು ಬಾರಮ್ಮ’ ಅಂದೆ. ಅಕ್ಕಿ ಹುರಿದು ಮಂಡಕ್ಕಿ, ಅಂದರೆ ಪುರಿ, ಮಾಡುವ ದೊಡ್ಡ ಒಲೆ ಅದು.

‘ಅಲ್ಲೇನಿದೆ ಸರ್ ನೋಡೋಕೆ?’

ಮೊದಲ ದಿನದ ಟಿಪ್ಪಣಿ ಮೂರೇ ಪದ: ಹೊಗೆ, ಗಲೀಜು, ಬಡತನ. ಇದನ್ನು ಬಸ್ಸಿನ ಕಿಟಕಿಯಿಂದಲೇ ಬರೆಯಬಹುದಿತ್ತು, ಅಲ್ವಾ? ಎರಡನೇ ದಿನ ಸ್ವಲ್ಪ ಹತ್ತಿರ ಹೋಗಿದ್ದಳು. ಬಿಸಿ ಮರಳಿಗೆ ಬಿದ್ದ ಅಕ್ಕಿ ಚಟಪಟ ಅರಳುವುದು, ಚೀಲ ಹೊಲಿಯುವವರು, ಆಟೋಗೆ ಚೀಲ ಏರಿಸುವ ಹೊತ್ತು. ಮೂರನೇ ದಿನ ಒಂದು ಸಾಲು ಸಿಕ್ಕಿತು: ‘ಭಟ್ಟಿಗೆ ಬೆಂಕಿ ಹಾಕುವ ಮುಂಚೆ ಎದುರು ಮನೆಯವರು ಒಣಗಲು ಹಾಕಿದ ಬಟ್ಟೆ ಒಳಗೆ ತರುತ್ತಾರೆ.’

ಅರ್ಜಿ ಅಲ್ಲಿಂದಲೇ ಶುರು ಮಾಡಿಸಿದೆ. ದುಡಿಮೆ, ಮನೆ, ಹೊಗೆ ಒಂದೇ ಓಣಿಯಲ್ಲಿದ್ದರೆ ಯಾರು ಯಾರಿಗೆ ಹೊಂದಿಕೊಳ್ಳುತ್ತಾರೆ? ನಗರ ಅಧ್ಯಯನ ಅಂದರೆ ಹೆಚ್ಚುಕಮ್ಮಿ ಇಂಥ ಪ್ರಶ್ನೆಯೇ. ದೊಡ್ಡ ಕಟ್ಟಡಗಳ ಎದುರು ಫೋಟೋ ತೆಗೆಸಿಕೊಂಡು ಬಂದವರನ್ನು ಬೇಕಾದಷ್ಟು ನೋಡಿದ್ದೇನೆ. ಅಲ್ಲಿನವರು ಕಸ ಎಲ್ಲಿ ಹಾಕುತ್ತಾರೆ ಅಂತ ಕೇಳಿದರೆ ಗೊತ್ತಿರುವುದಿಲ್ಲ.

ಬಟ್ಟೆಯ ಪ್ರಶ್ನೆ ವಿಯೆನ್ನಾದಲ್ಲೂ ಇತ್ತು. ಅಲ್ಲಿ ಕಾರ್ಲ್ ಮಾರ್ಕ್ಸ್ ಹೋಫ್ ಅಂತ ಒಂದು ವಸತಿ ಸಮುಚ್ಚಯ ಇದೆ. 1927ರಿಂದ 1930ರೊಳಗೆ ನಗರಾಡಳಿತವೇ ಕಾರ್ಮಿಕರಿಗೆ ಕಟ್ಟಿಸಿದ್ದು. ಉದ್ದ 1 ಕಿಲೋಮೀಟರಿಗಿಂತ ಜಾಸ್ತಿ, ಮನೆಗಳು 1,300ಕ್ಕೂ ಹೆಚ್ಚು. ಶಿಶುವಿಹಾರ, ಗ್ರಂಥಾಲಯ, ಸ್ನಾನದ ಮನೆಗಳ ಜೊತೆಗೆ ಎಲ್ಲರೂ ಬಟ್ಟೆ ಒಗೆಯಲು ದೊಡ್ಡ ಲಾಂಡ್ರಿಗಳನ್ನೂ ಕಟ್ಟಿದ್ದರು. ಬಟ್ಟೆ ಒಗೆಯುವುದು ಊರಿನ ಲೆಕ್ಕಕ್ಕೆ ಬಂದಿತ್ತು. ನಮ್ಮಲ್ಲಿ ಅದು ಇನ್ನೂ ಆ ಎದುರು ಮನೆಯಾಕೆಯ ಲೆಕ್ಕ.

ಹುಡುಗಿಗೆ ಸೀಟು ಸಿಕ್ಕಿತು. ಎರಡನೇ ಸೆಮಿಸ್ಟರ್‌ಗೆ ವಿಯೆನ್ನಾ ತಲುಪಿದವಳು ಒಂದು ಮೆಸೇಜ್ ಹಾಕಿದ್ದಳು: ‘ಸರ್, ನಾನಿರೋ ಬೀದೀಲಿ ಯಾವ ಬಾಲ್ಕನೀಲೂ ಬಟ್ಟೆ ಕಾಣ್ತಿಲ್ಲ. ಎಲ್ಲಿ ಒಣಗಿಸ್ತಾರೆ ಅಂತ ಹುಡುಕ್ತಿದ್ದೀನಿ.’