ಮೆಕ್ಯಾನಿಕಲ್ ತೆಗೆದುಕೊಳ್ಳುವ ಮುಂಚೆ ಒಂದು ಏಣಿಯ ಲೆಕ್ಕ

ಮೆಕ್ಯಾನಿಕಲ್ ಎಂಜಿನಿಯರಿಂಗೇ ಯಾಕೆ ಎಂದು ಕೇಳಿದರೆ ಹೆಚ್ಚಿನ ಹುಡುಗರು "ಬೈಕು, ಕಾರು ಅಂದ್ರೆ ಪ್ರಾಣ ಸಾರ್" ಅನ್ನುತ್ತಾರೆ. ಬೇಡ ಅನ್ನುವವರೂ ಅಷ್ಟೇ ಸಲೀಸಾಗಿ "ಅಯ್ಯೋ, ಗ್ರೀಸು, ಮಸಿ, ಭಾರ ಎತ್ತೋ ಕೆಲಸ" ಎಂದುಬಿಡುತ್ತಾರೆ. ಯಂತ್ರಭಾಗಗಳ ವಿನ್ಯಾಸದಲ್ಲೇ ಹೊಟ್ಟೆ ಹೊರೆಯುವ ನನಗೆ ಎರಡೂ ಕಾರಣ ಸರಿ ಅನಿಸುವುದಿಲ್ಲ. ಈ ಪದವಿಯ ಬಹುಪಾಲು ಕಳೆಯುವುದು ಕಾಗದ ಮತ್ತು ಕಂಪ್ಯೂಟರಿನ ಮುಂದೆ: ಬಲಗಳ ಲೆಕ್ಕ, ಥರ್ಮೋಡೈನಾಮಿಕ್ಸ್, ಫ್ಲೂಯಿಡ್ ಮೆಕ್ಯಾನಿಕ್ಸ್, ಡಿಫರೆನ್ಷಿಯಲ್ ಸಮೀಕರಣ, ಡ್ರಾಯಿಂಗ್. ತೋಳ್ಬಲದ ಮಾತೇ ಇಲ್ಲ. ಹಾಗಾಗಿ "ಹೆಣ್ಣುಮಕ್ಕಳಿಗೆ ಆಗಿಬರಲ್ಲ" ಅನ್ನುವ ಹಿರಿಯರ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ.

ಕೆಲಸ ಹೇಗಿರುತ್ತದೆ ಅನ್ನುವುದಕ್ಕೆ ಒಂದು ಮುರಿದ ಶಾಫ್ಟ್, ಅಂದರೆ ಯಂತ್ರದೊಳಗೆ ತಿರುಗುವ ಉಕ್ಕಿನ ದಂಡ, ನೋಡೋಣ. ನನ್ನ ಮೇಜಿಗೆ ಇಂಥವು ಆಗಾಗ ಬರುತ್ತವೆ. ವ್ಯಾಸ ದಪ್ಪದಿಂದ ಸಣ್ಣಕ್ಕೆ ಇಳಿಯುತ್ತದಲ್ಲ, ಆ ಮೆಟ್ಟಿಲಿನಲ್ಲೇ ಬಹಳ ಸಲ ಮುರಿದಿರುತ್ತದೆ. ಮುರಿದ ಮುಖವನ್ನು ಓರೆಯಾಗಿ ಬೆಳಕಿಗೆ ಹಿಡಿದರೆ, ಅಲೆ ಹಿಂದೆ ಸರಿದ ಮೇಲೆ ಮರಳಿನಲ್ಲಿ ಉಳಿಯುವಂಥ ಬಾಗಿದ ಗೆರೆಗಳು ಒಂದು ಅಂಚಿನಿಂದ ಹೊರಟಿರುವುದು ಕಾಣುತ್ತದೆ. ಕೊನೆಯ ಸ್ವಲ್ಪ ಜಾಗ ಮಾತ್ರ ಒರಟು. ಅಂದರೆ ಒಂದೇ ಏಟಿಗೆ ಮುರಿದದ್ದಲ್ಲ, ಬಿರುಕು ದಿನದಿನಕ್ಕೂ ಮುಂದೆ ಸರಿದಿದೆ. ನಿಮಿಷಕ್ಕೆ 1500 ಸುತ್ತು ತಿರುಗುವ ಶಾಫ್ಟ್ ಒಂದು ದಿನಕ್ಕೆ 21 ಲಕ್ಷಕ್ಕೂ ಹೆಚ್ಚು ಸಲ ಅತ್ತಿತ್ತ ಬಾಗುತ್ತದೆ. ಒಂದು ಸಲಕ್ಕೆ ಏನೂ ಮಾಡದ ಹೊರೆ ಇಷ್ಟು ಸಲಕ್ಕೆ ಉಕ್ಕನ್ನು ದಣಿಸುತ್ತದೆ. 19ನೇ ಶತಮಾನದಲ್ಲಿ ಜರ್ಮನಿಯ ಆಗಸ್ಟ್ ವೋಲರ್ ರೈಲುಗಾಲಿಗಳ ಅಚ್ಚುಗಳ (ಆಕ್ಸಲ್) ಮೇಲೆ ಪರೀಕ್ಷೆ ನಡೆಸಿ ತೋರಿಸಿಕೊಟ್ಟ ಸಂಗತಿ ಇದು.

ಪರಿಹಾರ ಸುಲಭ ಅನಿಸುತ್ತದೆ: ಬಿರುಕು ಹುಟ್ಟುವ ಆ ಮೆಟ್ಟಿಲಿನ ಚೂಪು ಮೂಲೆಯನ್ನು ದುಂಡಾಗಿಸಿ. ಆದರೆ ದುಂಡು ಜಾಸ್ತಿಯಾದರೆ, ಶಾಫ್ಟನ್ನು ಹಿಡಿದು ಸಲೀಸಾಗಿ ತಿರುಗಗೊಡುವ ಬೇರಿಂಗ್ ಮೆಟ್ಟಿಲಿಗೆ ತಾಗಿ ಕೂರುವುದಿಲ್ಲ. ಶಾಫ್ಟನ್ನೇ ದಪ್ಪ ಮಾಡಿದರೆ ಬೇರಿಂಗ್ ಬದಲಾಗಬೇಕು, ಅದು ಕೂರುವ ಹೌಸಿಂಗ್ ಬದಲಾಗಬೇಕು, ತೂಕ ಏರುತ್ತದೆ, ಖರ್ಚೂ ಏರುತ್ತದೆ. ಈ ಇಕ್ಕಟ್ಟಿನ ನಡುವೆ ಒಂದು ಅಳತೆ ಆರಿಸಿ, ಡ್ರಾಯಿಂಗಿನಲ್ಲಿ ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಡಿಮೆ ಆಗಬಹುದು ಅನ್ನುವ ಮಿತಿ) ಸಮೇತ ಬರೆದು, ಕೆಳಗೆ ಸಹಿ ಹಾಕುವುದು ನಮ್ಮ ಕೆಲಸ. ಓದುವಾಗ ನಿಮಗೆ ಕುತೂಹಲ ಹುಟ್ಟಿತೋ, ಆಕಳಿಕೆ ಬಂತೋ ಗಮನಿಸಿ. ಆಪ್ಟಿಟ್ಯೂಡ್ ಟೆಸ್ಟಿಗಿಂತ ಇದನ್ನು ನಾನು ಹೆಚ್ಚು ನಂಬುತ್ತೇನೆ.

ಇನ್ನೊಂದು ಪರೀಕ್ಷೆಗೆ ಪೆನ್ಸಿಲ್ ಸಾಕು. ನುಣುಪು ಗೋಡೆಗೆ ಏಣಿ ಒರಗಿದೆ, ಒಬ್ಬರು ಹತ್ತುತ್ತಿದ್ದಾರೆ. ಏಣಿ ಜಾರುವ ಅಪಾಯ ಅವರು ಬುಡದಲ್ಲಿದ್ದಾಗ ಹೆಚ್ಚೋ, ತುದಿ ಮುಟ್ಟಿದಾಗಲೋ? ಏಣಿಯೊಂದನ್ನೇ ಬಿಡಿಸಿ ಚಿತ್ರ ಬರೆದು, ಅದರ ಮೇಲೆ ಬೀಳುವ ಬಲಗಳನ್ನೆಲ್ಲ ಬಾಣ ಹಾಕಿ ಗುರುತಿಸಿ. ಮೇಲೇರಿದಷ್ಟೂ ಗೋಡೆ ತಿರುಗಿ ತಳ್ಳುವ ಬಲ ಹೆಚ್ಚುತ್ತದೆ, ಅದಕ್ಕೆ ಸಮನಾಗಿ ನೆಲದ ಘರ್ಷಣೆ ಬೇಕಾಗುತ್ತದೆ, ಆದರೆ ನೆಲ ಕೊಡಬಲ್ಲ ಘರ್ಷಣೆಗೆ ಮಿತಿಯಿದೆ. ಉತ್ತರ ತಪ್ಪಿದರೂ ಪರವಾಗಿಲ್ಲ. ಎಲ್ಲಿ ತಪ್ಪಿತು ಎಂದು ಮತ್ತೆ ಕೂರುವ ಮನಸ್ಸಾದರೆ ಮೊದಲ ವರ್ಷದ ಸ್ಟ್ಯಾಟಿಕ್ಸ್, ಅಂದರೆ ಅಲುಗದೆ ನಿಂತ ವಸ್ತುಗಳ ಬಲಗಳ ಲೆಕ್ಕ, ನಿಮ್ಮನ್ನು ಹೆದರಿಸಲಾರದು.

ಬಿಚ್ಚಿ, ರಿಪೇರಿ ಮಾಡಿ, ಮತ್ತೆ ಓಡಿಸುವುದರಲ್ಲೇ ಖುಷಿ, ಲೆಕ್ಕವೆಂದರೆ ತಲೆನೋವು ಅನ್ನುವವರಿಗೆ ಡಿಪ್ಲೊಮಾ ಅಥವಾ ಟೆಕ್ನಿಷಿಯನ್ ತರಬೇತಿಯೇ ಸೂಕ್ತ. ಅದನ್ನು ಕೆಳಗಿನ ದರ್ಜೆ ಎಂದು ನೋಡುವವರು ಒಳ್ಳೆಯ ಟೆಕ್ನಿಷಿಯನ್ ಇಲ್ಲದ ಕಾರ್ಖಾನೆಯಲ್ಲಿ ಒಂದು ವಾರ ಕೆಲಸ ಮಾಡಿ ನೋಡಲಿ.

"ಸಾಫ್ಟ್‌ವೇರಿಗೇ ಹೋಗಬಾರದೇ?" ಅನ್ನುವ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಬರೀ ಸಂಬಳವೇ ಗುರಿಯಾದರೆ ನೇರ ಅಲ್ಲಿಗೇ ಹೋಗಿ, ಮೆಕ್ಯಾನಿಕಲ್ ಮೂಲಕ ಬಳಸುದಾರಿ ಬೇಡ. ಹಾಗೆಂದು ಮೆಕ್ಯಾನಿಕಲ್ ಓದಿದರೆ ಪ್ರೋಗ್ರಾಮಿಂಗಿನಿಂದ ಪಾರಾದೆ ಅಂದುಕೊಳ್ಳಬೇಡಿ. ಕಂಟ್ರೋಲ್, ರೋಬೋಟ್, ಸಿಮ್ಯುಲೇಷನ್ ಎಲ್ಲದಕ್ಕೂ ಅದು ಬೇಕೇ ಬೇಕು.

ಕಾಲೇಜು ನೋಡಲು ಹೋದಾಗ ಕಟ್ಟಡಕ್ಕೆ ಮರುಳಾಗದೆ ವರ್ಕ್‌ಶಾಪಿಗೆ ಹೋಗಿ. ಕೊನೆಯ ವರ್ಷದ ವಿದ್ಯಾರ್ಥಿಯೊಬ್ಬರನ್ನು ಹಿಡಿದು, ಅವರೇ ಮಾಡಿದ ಒಂದು ಬಿಡಿಭಾಗ ಮತ್ತು ಅದರ ಡ್ರಾಯಿಂಗ್ ತೋರಿಸಲು ಹೇಳಿ. ಡ್ರಾಯಿಂಗಿನ ಅಳತೆಗೂ ಕೈಯಲ್ಲಿರುವ ತುಂಡಿಗೂ ಎಷ್ಟು ವ್ಯತ್ಯಾಸ ಬಂತು, ಯಾಕೆ ಬಂತು ಎಂದು ಕೇಳಿ.