ಹಚ್ ನಾಯಿಯ ಗೊರಕೆ, ನಮ್ಮೂರ ಸೆಕೆ

ಏಪ್ರಿಲ್ ಬಂತೆಂದರೆ ಕಾರವಾರದಿಂದ ಭಟ್ಕಳದವರೆಗೆ ಎರಡು ಮಾತು ಕಿವಿಗೆ ಬೀಳುವುದು ಖಾತ್ರಿ. ‘ಈ ವರ್ಷದಷ್ಟು ಸೆಕೆ ಹಿಂದೆ ಯಾವತ್ತೂ ಇರಲಿಲ್ಲ’ ಎಂಬುದು ಒಂದು. ಪಗ್ ಎಂಬ ಮೋಟು ಮೂತಿಯ ಪುಟ್ಟ ನಾಯಿ ಸಾಕಿದವರ ಮನೆಯಲ್ಲಿ ಇನ್ನೊಂದು: ‘ಇದರ ಉಸಿರು ಯಾಕೋ ಸರಿಯಿಲ್ಲ, ಮೂಗಿನ ಆಪರೇಷನ್ ಮಾಡಿಸ್ಬೇಕಂತೆ, ಹೌದಾ?’

ಈ ಪ್ರಶ್ನೆಗೆ ಸಿಗುವ ಉತ್ತರಗಳು ಮಾತ್ರ ಊರಿಗೊಂದು. ಅದು ಬರೀ ಗೊರಕೆ, ಆ ಜಾತಿಯೇ ಹಾಗೆ ಅನ್ನುತ್ತಾರೆ ಕೆಲವರು. ಡಾಕ್ಟರುಗಳಿಗೆ ದುಡ್ಡು ಮಾಡುವ ಹೊಸ ದಾರಿ ಅನ್ನುತ್ತಾರೆ ಇನ್ನು ಕೆಲವರು. ದೇವರು ಕೊಟ್ಟ ಮೂಗನ್ನು ಕೊಯ್ಯುವುದು ಪಾಪ ಅಲ್ವಾ ಎಂದು ಕೇಳುವವರಿದ್ದಾರೆ. ಸರಕಾರ ಈ ನಾಯಿಗಳನ್ನೇ ಬ್ಯಾನ್ ಮಾಡಿದೆಯಂತೆ ಎಂಬ ಸುದ್ದಿ ವಾಟ್ಸಾಪಿನಲ್ಲಿ ವರ್ಷಕ್ಕೊಮ್ಮೆಯಾದರೂ ಸುತ್ತು ಹೊಡೆಯುತ್ತದೆ. ಎಲ್ಲ ಸೇರಿ ಈಗ ಬುಡ ಯಾವುದು, ತುದಿ ಯಾವುದು ಎಂದೇ ಗೊತ್ತಾಗದ ಹಾಗಾಗಿದೆ.

ಸೆಕೆಯಿಂದಲೇ ಶುರು ಮಾಡೋಣ. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ 42 ಡಿಗ್ರಿ ಇದ್ದಾಗ ಕಾರವಾರದಲ್ಲಿ 34 ಇರಬಹುದು. ಅಂಕಿ ನೋಡಿದವರು ನಮ್ಮದು ತಂಪು ಊರು ಅಂದುಕೊಳ್ಳುತ್ತಾರೆ. ಬಂದು ಒಂದು ದಿನ ಇದ್ದರೆ ತಿಳಿಯುತ್ತದೆ, ಇಲ್ಲಿ ಮೈಮೇಲಿನ ಬೆವರೇ ಆರುವುದಿಲ್ಲ. ಗಾಳಿಯಲ್ಲಿ ಆಗಲೇ ನೀರು ತುಂಬಿರುತ್ತದೆ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ.

ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಪಾದದ ಅಡಿಯಲ್ಲಿ ಸ್ವಲ್ಪ ಬೆವರುತ್ತದೆ, ಅಷ್ಟೇ. ಅದು ತಣಿಯುವುದು ಏದುಸಿರಿನಿಂದ. ಉದ್ದ ಮೂತಿಯ ಒಳಗೆ ಕಾಗದದ ಸುರುಳಿಯಂತೆ ತೆಳ್ಳನೆಯ ಮೂಳೆಗಳಿವೆ. ಅವುಗಳ ಮೇಲೆ ಒದ್ದೆ ಪದರ. ಗಾಳಿ ಅದರ ಮೇಲೆ ಹಾದುಹೋಗುವಾಗ ನೀರು ಆವಿಯಾಗಿ ರಕ್ತ ತಣಿಯುತ್ತದೆ. ಪಗ್ಗಿಗೆ ಆ ಸುರುಳಿಗೆ ಜಾಗವೇ ಇಲ್ಲ. ಗಾಳಿ ಎಳೆಯಲು ದಾರಿಯೂ ಸರಿಯಿಲ್ಲ. ಅದರ ಮೇಲೆ ನಮ್ಮ ಕರಾವಳಿಯ ಒದ್ದೆ ಗಾಳಿ. ಜೋರಾಗಿ ತೇಕಿದಷ್ಟೂ ಗಂಟಲು ಊದುತ್ತದೆ, ಊದಿದಷ್ಟೂ ದಾರಿ ಕಿರಿದಾಗುತ್ತದೆ, ಮೈಬಿಸಿ ಏರುತ್ತದೆ. ನಾಯಿಯ ಸಹಜ ಮೈಬಿಸಿಯೇ 38ರಿಂದ 39 ಡಿಗ್ರಿ. 41 ದಾಟಿದರೆ ಜೀವಕ್ಕೆ ಅಪಾಯ.

ಈ ಮೂತಿ ಹೀಗಾದದ್ದು ಒಂದು ದಿನದಲ್ಲಲ್ಲ. ಚೀನಾದ ಅರಮನೆಗಳಲ್ಲಿ ಮಡಿಲಲ್ಲಿ ಕೂರುತ್ತಿದ್ದ ಪುಟ್ಟ ನಾಯಿ 16ನೇ ಶತಮಾನದಲ್ಲಿ ಡಚ್ಚರ ಹಡಗು ಹತ್ತಿತು, ಮುಂದಿನ ಶತಮಾನದಲ್ಲಿ ಇಂಗ್ಲೆಂಡ್ ಸೇರಿತು. 1745ರಲ್ಲಿ ವಿಲಿಯಂ ಹೋಗಾರ್ತ್ ಎಂಬ ಇಂಗ್ಲಿಷ್ ಚಿತ್ರಕಾರ ತನ್ನ ಪಗ್ ಜೊತೆಗೆ ತನ್ನದೇ ಚಿತ್ರ ಬರೆದುಕೊಂಡ. ಅದರಲ್ಲಿರುವ ನಾಯಿಗೆ ಮೂತಿ ಇದೆ, ಹಿಡಿದು ಅಲ್ಲಾಡಿಸಬಹುದಾದಷ್ಟು ಸರಿಯಾದ ಮೂತಿ! ಇಂಥದೇ ಮೋಟು ಮೂತಿಯ ಬುಲ್‌ಡಾಗಿನದು ಬೇರೆ ಕತೆ. ಅದನ್ನು ಗೂಳಿಯ ಮೇಲೆ ಛೂ ಬಿಡುವ ಆಟವನ್ನು 1835ರಲ್ಲಿ ಇಂಗ್ಲೆಂಡಿನಲ್ಲಿ ಕಾನೂನು ತಂದು ನಿಲ್ಲಿಸಿದರು. ಕೆಲಸ ಹೋಯಿತು, ನಾಯಿ ಉಳಿಯಿತು, ಮನೆಯೊಳಗೆ ಬಂತು. 1873ರಲ್ಲಿ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಎಂಬ ಜಾತಿ ನಾಯಿಗಳ ಸಂಘ ಹುಟ್ಟಿತು. ಯಾವ ಜಾತಿ ಹೇಗಿರಬೇಕು ಎಂದು ಬರೆದಿಡುವ ಕಾಲ ಬಂತು. ಅಲ್ಲಿಂದ ನೂರು ವರ್ಷ ಮೂತಿ ಒಳಗೆ ಹೋಗುತ್ತಲೇ ಇತ್ತು.

ಹೀಗೇ ಆಗಲಿ ಎಂದು ಕೂತು ಯೋಚಿಸಿದವರು ಯಾರೂ ಇಲ್ಲ. ಶೋದಲ್ಲಿ ಚಂದ ಕಂಡದ್ದಕ್ಕೆ ಬಹುಮಾನ ಕೊಟ್ಟರು. ಬಹುಮಾನ ಬಂದದ್ದರ ಮರಿಗಳನ್ನೇ ಬೆಳೆಸಿದರು. ಕೊಳ್ಳುವವರು ಮಗುವಿನ ಮುಖದ ಹಾಗಿದೆ ಎಂದು ಎತ್ತಿಕೊಂಡರು. ಮೂಳೆ ಮೋಟಾಯಿತು, ಆದರೆ ಒಳಗಿನ ಮಾಂಸ ಅದಕ್ಕೆ ತಕ್ಕಂತೆ ಕಡಿಮೆ ಆಗಲಿಲ್ಲ. ನಾಲ್ಕಂಕಣದ ಮನೆಯ ಸಾಮಾನನ್ನೆಲ್ಲ ಒಂದೇ ಕೋಣೆಗೆ ತುಂಬಿದ ಹಾಗೆ. ನಾಲಿಗೆ ದೊಡ್ಡದು, ಅಂಗುಳ ಉದ್ದ, ಹೊಳ್ಳೆ ಮುಚ್ಚಿಕೊಂಡದ್ದು. ಬುಲ್‌ಡಾಗುಗಳಲ್ಲಿ ಶ್ವಾಸನಾಳವೇ ಸಣ್ಣದಿರುವುದೂ ಉಂಟು. ಈ ಎಲ್ಲವಕ್ಕೂ ಸೇರಿ ಡಾಕ್ಟರುಗಳು ಇಟ್ಟ ಹೆಸರು ‘ಬೋವಾಸ್’. ನಾವು ಇಟ್ಟ ಹೆಸರು ಗೊರಕೆ.

ನಮ್ಮ ಕಡೆಯ ನಾಯಿ ಚರಿತ್ರೆಯನ್ನು ಒಂದೇ ಉಸಿರಿನಲ್ಲಿ ಹೇಳಬಹುದು: ಮೊದಲು ಅಂಗಳದ ಊರ ನಾಯಿ, ಆಮೇಲೆ ನೌಕರಿಯವರ ಮನೆಗೆ ಬಿಳಿ ಪಾಮೇರಿಯನ್, ಗೇಟು ಇದ್ದವರ ಮನೆಗೆ ಅಲ್ಸೇಷಿಯನ್. ಮೂರಕ್ಕೂ ಮೂತಿ ಚೂಪು. ನಂತರ ಬಂತು 2003.

ಆ ವರ್ಷ ಹಚ್ ಮೊಬೈಲ್ ಕಂಪನಿಯ ಜಾಹೀರಾತು ಟಿವಿಯಲ್ಲಿ ಬಂತು. ಒಬ್ಬ ಹುಡುಗ, ಅವನು ಹೋದಲ್ಲೆಲ್ಲ ಹಿಂದೆಯೇ ಓಡುವ ಪಗ್. ಆಗ ಶಾಲೆಯಲ್ಲಿದ್ದವರಿಗೆಲ್ಲ ಅದು ನೆನಪಿರುತ್ತದೆ. ನಮ್ಮೂರಲ್ಲಿ ಟವರ್ ಸಿಗುತ್ತಿದ್ದದ್ದೇ ಅಪರೂಪ, ಆದರೆ ನಾಯಿ ಮಾತ್ರ ಎಲ್ಲರಿಗೂ ಬೇಕಾಯಿತು. ಪಗ್ ಎಂಬ ಹೆಸರು ಯಾರಿಗೂ ಗೊತ್ತಿರಲಿಲ್ಲ, ಹಚ್ ನಾಯಿ ಅನ್ನುತ್ತಿದ್ದೆವು. ‘ಹಚ್ ನಾಯಿ ತರೋಣ’ ಎಂದು ನಾನು ಹಟ ಹಿಡಿದಾಗ ಅಜ್ಜಿಗೆ ಅದು ‘ಹುಚ್ಚುನಾಯಿ’ ಎಂದು ಕೇಳಿಸಿತ್ತು. ‘ಮನೆಗೆ ಹುಚ್ಚುನಾಯಿ ತರುವವರುಂಟಾ, ನಿನಗೇ ಹುಚ್ಚು’ ಎಂದು ಬೈದಿದ್ದಳು. ಈಗ ಯೋಚಿಸಿದರೆ ಅಜ್ಜಿ ಪೂರ್ತಿ ತಪ್ಪಾಗಿ ಕೇಳಿಸಿಕೊಂಡಿರಲಿಲ್ಲ ಅನ್ನಿಸುತ್ತದೆ.

ಕೆಲವೇ ವರ್ಷಗಳಲ್ಲಿ ಬೆಂಗಳೂರಿನ ರಾತ್ರಿ ಬಸ್ಸಿನಲ್ಲಿ ಮರಿಗಳು ಬರತೊಡಗಿದವು. ತೂತು ಹೊಡೆದ ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆ, ಒಳಗೆ ಹಳೆ ಪೇಪರು, ಪೆಟ್ಟಿಗೆಯ ಮೇಲೆ ಪೆನ್ನಿನಲ್ಲಿ ಬರೆದ ಫೋನ್ ನಂಬರು. ಅಂಕೋಲೆಯಲ್ಲಿರುವ ನನ್ನ ಸೋದರಮಾವ 2012ರಲ್ಲಿ ಹಾಗೆ ಒಂದನ್ನು ತರಿಸಿದರು. ಎಂಟು ಸಾವಿರ ಕೊಟ್ಟರು. ಮರಿಗೆ ಎರಡು ತಿಂಗಳು ಎಂದು ಕೊಟ್ಟವರು ಹೇಳಿದ್ದರು. ನೋಡಿದರೆ ಹಲ್ಲೂ ಸರಿಯಾಗಿ ಬಂದಿರಲಿಲ್ಲ. ಹೆಸರು ಪಿಂಟು ಎಂದಾಯಿತು.

ಪಿಂಟು ಕೂತೇ ನಿದ್ದೆ ಮಾಡುತ್ತಿದ್ದ. ಗೋಡೆಗೆ ಒರಗಿ ತಲೆ ಮೇಲೆತ್ತಿ, ಯಕ್ಷಗಾನ ನೋಡುತ್ತಾ ನಿದ್ದೆಹೋದ ಅಜ್ಜನ ಹಾಗೆ. ಒಮ್ಮೊಮ್ಮೆ ಬಾಯಲ್ಲಿ ರಬ್ಬರ್ ಚೆಂಡು ಕಚ್ಚಿಕೊಂಡೇ ಮಲಗುತ್ತಿದ್ದ. ನಾವು ಫೋಟೋ ತೆಗೆದು ನಕ್ಕಿದ್ದೇ ನಕ್ಕಿದ್ದು. ಮಲಗಿದರೆ ಉಸಿರು ಕಟ್ಟುತ್ತದೆ, ಬಾಯಿ ತೆರೆದಿಡಲು ಚೆಂಡು ಬೇಕು ಎಂಬುದು ಆಮೇಲೆ ಗೊತ್ತಾಯಿತು. ನಾವೊಬ್ಬರೇ ದಡ್ಡರಲ್ಲ. ಇಂಗ್ಲೆಂಡಿನಲ್ಲಿ 2012ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಉಸಿರಿನ ತೊಂದರೆ ಇದ್ದ ನಾಯಿಗಳ ಯಜಮಾನರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ತಮ್ಮ ನಾಯಿಗೆ ಏನೂ ತೊಂದರೆ ಇಲ್ಲ ಎಂದೇ ಹೇಳಿದ್ದರು.

2015ರ ಮೇ ಕೊನೆ. ಮಧ್ಯಾಹ್ನ ಕರೆಂಟು ಹೋಗಿತ್ತು. ಮನೆಗೆ ನೆಂಟರು ಬಂದಿದ್ದರು, ಪಿಂಟು ಖುಷಿಯಲ್ಲಿ ನಾಲ್ಕು ಸುತ್ತು ಓಡಿದ. ಆಮೇಲೆ ಕುಸಿದ. ನಾಲಿಗೆ ನೇರಳೆಹಣ್ಣು ತಿಂದವರ ನಾಲಿಗೆಯ ಬಣ್ಣಕ್ಕೆ ತಿರುಗಿತ್ತು. ಅತ್ತೆ ಬಾವಿಯಿಂದ ನೀರೆಳೆದು ಹೊಟ್ಟೆಗೆ, ಕಾಲಿಗೆ ಸುರಿದು ಮೊರದಿಂದ ಗಾಳಿ ಹಾಕಿದರು. ಸುಮ್ನೆ ತೋಚಿದ್ದು ಮಾಡಿದ್ದು, ಆದರೆ ಮಾಡಬೇಕಾದದ್ದು ಅದೇ: ಮೊದಲು ತಣಿಸಬೇಕು, ಆಮೇಲೆ ಆಸ್ಪತ್ರೆಗೆ ಒಯ್ಯಬೇಕು.

ದನದ ಡಾಕ್ಟ್ರು ಬೈಕಿನಲ್ಲಿ ಬಂದು ಇಂಜೆಕ್ಷನ್ ಕೊಟ್ಟರು. ಮೂಗನ್ನು ಬೆಳಕಿಗೆ ಹಿಡಿದು ತೋರಿಸಿದರು. ಹೊಳ್ಳೆ ಎಂದರೆ ತೂತು ಇರಬೇಕು ತಾನೆ? ಪಿಂಟುವಿಗೆ ಇದ್ದದ್ದು ಉಗುರಿನಲ್ಲಿ ಗೀರಿದಂತಹ ಎರಡು ಗೆರೆ. ‘ಮೂರು ವರ್ಷ ಇವ ಸ್ಟ್ರಾದಲ್ಲಿ ಉಸಿರಾಡಿದಾನೆ. ಇದನ್ನು ಬಿಡಿಸಬೇಕು. ಇಲ್ಲಿ ಆಗೋದಿಲ್ಲ, ಹುಬ್ಬಳ್ಳಿಗೋ ಗೋವಾಕ್ಕೋ ಹೋಗಿ’ ಎಂದರು. ಇಡೀ ತಾಲೂಕಿನ ದನ, ಎಮ್ಮೆ ನೋಡುವ ಮನುಷ್ಯ. ನಾಯಿಗೆ ಅರಿವಳಿಕೆ ಕೊಟ್ಟು ರಾತ್ರಿಯಿಡೀ ಆಮ್ಲಜನಕದಲ್ಲಿಡುವ ವ್ಯವಸ್ಥೆ ಅವರ ಹತ್ತಿರ ಎಲ್ಲಿಂದ ಬರಬೇಕು?

ಹುಬ್ಬಳ್ಳಿಗೆ ಹೊರಟದ್ದು ಬೆಳಗಿನ ಜಾವ ನಾಲ್ಕಕ್ಕೆ, ಬಿಸಿಲೇರುವ ಮುಂಚೆ. ಒಂದು ಸಂಗತಿ ಇವತ್ತಿಗೂ ನೆನಪಿದೆ. ಅರಬೈಲು ಘಾಟಿ ಹತ್ತುವವರೆಗೆ ಹಿಂದಿನ ಸೀಟಿನಿಂದ ಗರಗರ ಸದ್ದು ಬರುತ್ತಲೇ ಇತ್ತು. ಯಲ್ಲಾಪುರ ಬಂದು ಕಿಟಕಿ ಇಳಿಸಿದ್ದೇ ತಡ, ತಂಪು ಗಾಳಿಗೆ ಸದ್ದು ಅರ್ಧಕ್ಕಿಳಿಯಿತು. ‘ಇವನನ್ನು ಇಲ್ಲೇ ಯಾರದ್ದಾದರೂ ಅಡಿಕೆ ತೋಟದಲ್ಲಿ ಬಿಟ್ಟು ಹೋದ್ರೆ ಆಪರೇಷನ್ನೇ ಬೇಡವೇನೋ ತಮಾ’ ಎಂದರು ಮಾವ.

ಈ ಆಪರೇಷನ್ ಹೊಸದೇನಲ್ಲ. ನಾಯಿಗಳ ಉದ್ದ ಅಂಗುಳವನ್ನು ಕತ್ತರಿಸುವುದು, ಮುಚ್ಚಿದ ಹೊಳ್ಳೆಯನ್ನು ಬಿಡಿಸುವುದು ಎರಡೂ 1940ರ ದಶಕದಲ್ಲೇ ಅಮೆರಿಕದ ಪಶುವೈದ್ಯರು ಬರೆದಿಟ್ಟ ವಿಧಾನಗಳು. ಹೊಳ್ಳೆಯ ರೆಕ್ಕೆಯಿಂದ ಕಲ್ಲಂಗಡಿ ಹೋಳಿನ ಆಕಾರದ ಸಣ್ಣ ಚೂರು ತೆಗೆದು ಹೊಲಿಯುತ್ತಾರೆ. ಚೂರು ತೊಗರಿಬೇಳೆಗಿಂತ ದೊಡ್ಡದಿರಲಿಕ್ಕಿಲ್ಲ. ಅಂಗುಳದ ಹಿಂದಿನ ತುದಿ ಗಂಟಲಿಗೆ ಜೋತುಬಿದ್ದಿರುತ್ತದೆ, ಅದನ್ನು ಮೋಟು ಮಾಡುತ್ತಾರೆ. ಇಲ್ಲಿ ಲೆಕ್ಕ ತಪ್ಪಬಾರದು. ಕಡಿಮೆ ತೆಗೆದರೆ ಉಪಯೋಗವಿಲ್ಲ, ಜಾಸ್ತಿ ತೆಗೆದರೆ ಕುಡಿದ ನೀರು ಮೂಗಿಗೆ ಬರುತ್ತದೆ. ಈಚೆಗೆ ಬರೀ ಕತ್ತರಿಸದೆ, ದಪ್ಪ ಅಂಗುಳವನ್ನು ತೆಳ್ಳಗೆ ಮಾಡಿ ಮುಂದಕ್ಕೆ ಮಡಚಿ ಹೊಲಿಯುವವರೂ ಇದ್ದಾರೆ. ವರ್ಷಗಟ್ಟಲೆ ಗಾಳಿ ಎಳೆದೂ ಎಳೆದೂ ಧ್ವನಿಪೆಟ್ಟಿಗೆಯ ಪಕ್ಕದ ಪುಟ್ಟ ಚೀಲಗಳು ಹೊರಮಗುಚಿದ್ದರೆ ಅವನ್ನೂ ತೆಗೆಯುತ್ತಾರೆ. ಧ್ವನಿಪೆಟ್ಟಿಗೆಯೇ ಕುಸಿಯತೊಡಗಿದ್ದರೆ ಮಾತ್ರ ಕೆಲಸ ಕಷ್ಟ. ಅದಕ್ಕೇ ಇದನ್ನು ಎಳೆ ಪ್ರಾಯದಲ್ಲೇ ಮಾಡಿಸಿ ಎನ್ನುವುದು.

ಕೊಯ್ಯುವುದಕ್ಕಿಂತ ಎಬ್ಬಿಸುವುದೇ ಹೆಚ್ಚು ಅಪಾಯ ಎಂದು ಹುಬ್ಬಳ್ಳಿಯ ಡಾಕ್ಟರು ಮೊದಲೇ ಹೇಳಿದ್ದರು. ಗಂಟಲಿಗೆ ಇಳಿಸಿದ ಉಸಿರಿನ ಪೈಪನ್ನು ತೆಗೆದ ಕೂಡಲೇ, ಊದಿದ ಗಂಟಲು ಮುಚ್ಚಿಕೊಳ್ಳಬಹುದು. ಹಾಗಾಗಿ ನಾಯಿ ತಾನಾಗಿ ಪೈಪು ಉಗುಳುವವರೆಗೆ ತೆಗೆಯುವುದಿಲ್ಲ. ಬೇರೆ ನಾಯಿಗಳು ಎಚ್ಚರ ಬಂದ ಕ್ಷಣ ಕೆಮ್ಮಿ ಉಗುಳುತ್ತವೆ. ಪಿಂಟು ಕಣ್ಣು ಬಿಟ್ಟ, ನಮ್ಮನ್ನು ನೋಡಿದ, ಬಾಲವನ್ನೂ ಒಮ್ಮೆ ಅಲ್ಲಾಡಿಸಿದ. ಪೈಪು ಮಾತ್ರ ಬಾಯಲ್ಲೇ. ಹಾಯಾಗಿ ಬಿದ್ದುಕೊಂಡಿದ್ದ. ‘ಇವಕ್ಕೆ ಅದು ಬೇಕು ಅನ್ನಿಸ್ತದೆ. ಹುಟ್ಟಿದ ಮೇಲೆ ಇಷ್ಟು ಗಾಳಿ ಇವತ್ತೇ ಸಿಕ್ಕಿದ್ದು’ ಎಂದರು ಡಾಕ್ಟರು. ಮಾವ ಎದ್ದು ಹೊರಗೆ ಹೋದರು.

ಬಿಲ್ಲು ನಾಯಿಯ ಬೆಲೆಗಿಂತ ಜಾಸ್ತಿ ಬಂತು. ಎರಡು ವಾರ ಮೆತ್ತಗೆ ಕಲಸಿದ ಅನ್ನದ ಉಂಡೆ, ಕುತ್ತಿಗೆ ಬೆಲ್ಟಿನ ಬದಲು ಎದೆಗೆ ಕಟ್ಟುವ ಹಾರ್ನೆಸ್. ತೂಕ ಎರಡು ಕೆ.ಜಿ. ಇಳಿಸಿ ಎಂದಿದ್ದರು. ಅತ್ತೆಯ ದೋಸೆಯ ಚೂರು ನಿಲ್ಲಿಸುವುದು ಆಪರೇಷನ್ನಿಗಿಂತ ಕಷ್ಟವಾಯಿತು. ಬಾವು ಇಳಿದ ಮೇಲೆ ಒಂದು ರಾತ್ರಿ ಪಿಂಟು ಅಡ್ಡ ಮಲಗಿ, ಸದ್ದಿಲ್ಲದೆ ನಿದ್ದೆ ಮಾಡಿದ. ಗೊರಕೆ ಕೇಳದೆ ಗಾಬರಿಯಾಗಿ ಮಾವ ಮೂರು ಸಲ ಎದ್ದು ಟಾರ್ಚು ಬಿಟ್ಟು ನೋಡಿದರಂತೆ. ಪೂರ್ತಿ ಸರಿಹೋಯಿತು ಅನ್ನಲಾರೆ. ಮೇ ಮಧ್ಯಾಹ್ನಗಳಲ್ಲಿ ಅವನು ಕೊನೆವರೆಗೂ ಬಚ್ಚಲುಮನೆಯ ತಣ್ಣನೆ ಕಲ್ಲಿನ ಮೇಲೇ ಇದ್ದ. ಆಪರೇಷನ್ ದಾರಿಯನ್ನು ಅಗಲ ಮಾಡುತ್ತದೆ, ಮೂತಿಯನ್ನು ಬೆಳೆಸುವುದಿಲ್ಲ.

ಅತ್ತ ಇಂಗ್ಲೆಂಡಿನಲ್ಲಿ 2008ರಲ್ಲಿ ಬಿಬಿಸಿ ಇಂಥ ಜಾತಿ ನಾಯಿಗಳ ಪಾಡಿನ ಬಗ್ಗೆ ಒಂದು ಸಾಕ್ಷ್ಯಚಿತ್ರ ತೋರಿಸಿದ ಮೇಲೆ ಗಲಾಟೆಯೆದ್ದು, 2009ರಲ್ಲಿ ಕೆನಲ್ ಕ್ಲಬ್ ಯಾವ ಜಾತಿ ಹೇಗಿರಬೇಕು ಎಂಬ ತನ್ನ ಬರಹವನ್ನು ತಿದ್ದಿತು. 2019ರಲ್ಲಿ ಅದೇ ಕ್ಲಬ್, ಕೇಂಬ್ರಿಜ್ ವಿಶ್ವವಿದ್ಯಾಲಯದ ಜೊತೆ ಸೇರಿ ಉಸಿರಿಗೆ ಅಂಕ ಕೊಡುವ ಪರೀಕ್ಷೆ ತಂದಿತು. ಮೂರು ನಿಮಿಷ ಚುರುಕಾಗಿ ಓಡಾಡಿಸಿ, ಮೊದಲೂ ಆಮೇಲೂ ಗಂಟಲಿಗೆ ಸ್ಟೆತಸ್ಕೋಪ್ ಇಟ್ಟು ಕೇಳುತ್ತಾರೆ. ಸೊನ್ನೆ ಬಂದರೆ ಒಳ್ಳೆಯದು, ಮೂರು ಬಂದರೆ ಮರಿ ಹಾಕಿಸಬಾರದು. ನೆದರ್ಲೆಂಡ್ಸಿನಲ್ಲಿ ಅದೇ ವರ್ಷದಿಂದ ಮರಿ ಹಾಕಿಸಬಹುದೇ ಎಂದು ತಿಳಿಯಲು ಮೂತಿಯನ್ನೇ ಅಳೆಯುತ್ತಾರೆ. 2022ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನವೊಂದರ ಪ್ರಕಾರ ಬೇರೆ ನಾಯಿಗಳಿಗಿಂತ ಪಗ್ಗಿಗೆ ಈ ಉಸಿರಿನ ಕಾಯಿಲೆಯ ಸಾಧ್ಯತೆ 54 ಪಟ್ಟು. ಅದೇ 2022ರಲ್ಲಿ ಅಮೆರಿಕದಲ್ಲಿ 31 ವರ್ಷ ಮೊದಲ ಸ್ಥಾನದಲ್ಲಿದ್ದ ಲ್ಯಾಬ್ರಡಾರನ್ನು ಹಿಂದಿಕ್ಕಿದ್ದು ಯಾವುದು ಗೊತ್ತಾ? ಫ್ರೆಂಚ್ ಬುಲ್‌ಡಾಗ್.

ನಮ್ಮಲ್ಲಿ? ಮರಿ ಹಾಕಿಸಿ ಮಾರಲೆಂದು ವಿದೇಶದಿಂದ ನಾಯಿ ತರುವುದನ್ನು ಕೇಂದ್ರ ಸರಕಾರ 2016ರಲ್ಲಿ ನಿಲ್ಲಿಸಿತು. ಅಷ್ಟರಲ್ಲಿ ಪಗ್ ಇಲ್ಲಿಯದೇ ಆಗಿಬಿಟ್ಟಿತ್ತು. 2017ರ ನಿಯಮಗಳ ಪ್ರಕಾರ ಬ್ರೀಡರುಗಳು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಬಾರದು. ಮೂತಿಯ ಅಳತೆಯ ಮಾತಿಲ್ಲ. ಇನ್ನು ಆ ಬ್ಯಾನ್ ಸುದ್ದಿ: ಮಾರ್ಚ್ 2024ರಲ್ಲಿ ಕೇಂದ್ರದಿಂದ ಹೊರಟ ಸುತ್ತೋಲೆ 23 ಜಾತಿಯ ‘ಅಪಾಯಕಾರಿ’ ನಾಯಿಗಳ ಬಗ್ಗೆ. ಅದರಲ್ಲಿ ಅಮೆರಿಕನ್ ಬುಲ್‌ಡಾಗ್ ಇತ್ತು, ಪಗ್ ಇರಲಿಲ್ಲ. ಮರುತಿಂಗಳೇ ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. ಅದು ಕಚ್ಚುವ ನಾಯಿಗಳ ಜಗಳ, ಉಸಿರಾಡಲಾರದ ನಾಯಿಗಳದ್ದಲ್ಲ.

ಪಿಂಟು 2023ರ ಮಳೆಗಾಲದಲ್ಲಿ ಹೋದ, ಹನ್ನೊಂದು ವರ್ಷ ಬಾಳಿದ. ಇನ್ನು ನಾಯಿಯ ಸುದ್ದಿಯೇ ಬೇಡ ಎಂದಿದ್ದರು ಮಾವ. ಹೋದ ತಿಂಗಳು ನಮ್ಮ ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಫ್ರೆಂಚ್ ಬುಲ್‌ಡಾಗ್ ಮರಿಯ ಫೋಟೋ ಹಾಕಿದರು, ಕುಮಟೆಯಲ್ಲಿ ಮಾರಾಟಕ್ಕಿದೆಯಂತೆ. ಬೂದು ಬಣ್ಣ, ಬಾವಲಿಯ ಕಿವಿ, ಬೆಂಕಿಪೊಟ್ಟಣದ ಅಗಲದ ಮುಖ. ನಾನು ಬೆರಳಲ್ಲಿ ಹಿಗ್ಗಿಸಿ ಮೂಗು ನೋಡಿದೆ. ಎರಡು ಗೆರೆ.

ಅಷ್ಟರಲ್ಲಿ ಕೆಳಗೆ ಮಾವನ ಮೆಸೇಜು ಬಂದಿತ್ತು: ‘ಎಷ್ಟಂತೆ?’